‘ಇದು ನಿಮ್ಮ ಮಗುನಾ?’ ಗೊತ್ತಿಲ್ಲದವರ ಪ್ರಶ್ನೆಗೆ ಏನು ಹೇಳಬೇಕು?

ಪ್ರಶ್ನೆ: ನಾವು ಬೇರೆ ದೇಶದಿಂದ ಒಂದು ಹೆಣ್ಣು ಮಗುವನ್ನು ದತ್ತು ತೆಗೆದುಕೊಂಡಿದ್ದೇವೆ. ಬಂದಾಗ ಅವಳಿಗೆ ಎರಡು ವರ್ಷ, ಈಗ ಏಳು. ಬಣ್ಣ, ಮುಖ, ಕೂದಲು ಯಾವುದೂ ನಮ್ಮಂತಿಲ್ಲ. ಹಾಗಾಗಿ ಹೊರಗೆ ಹೊರಟರೆ ಸಾಕು, ಪರಿಚಯವೇ ಇಲ್ಲದವರು ಬಂದು ಕೇಳುತ್ತಾರೆ. ‘ಇದು ನಿಮ್ಮ ಮಗುನಾ?’, ‘ಇವಳ ನಿಜವಾದ ಅಮ್ಮ ಎಲ್ಲಿದ್ದಾರೆ?’, ‘ಎಷ್ಟು ಖರ್ಚಾಯ್ತು?’, ‘ಎಂಥಾ ಪುಣ್ಯದ ಕೆಲಸ ಮಾಡಿದ್ರಿ!’ ಮೊನ್ನೆ ರೈಲಿನಲ್ಲಿ ಒಬ್ಬರು ಬಿಡದೆ ಕೇಳಿದಾಗ ತಪ್ಪಿಸಿಕೊಳ್ಳಲು ‘ಅವಳು ಅವರಪ್ಪನ ಮನೆಯವರ ಥರ’ ಅಂದುಬಿಟ್ಟೆ. ರಾತ್ರಿ ಮಲಗುವಾಗ ಮಗಳು ‘ಅಮ್ಮಾ, ನೀನ್ಯಾಕೆ ಸುಳ್ಳು ಹೇಳಿದೆ?’ ಅಂದಳು. ನನ್ನ ಗಂಡನದು ಇನ್ನೊಂದು ದಾರಿ. ಸಿಟ್ಟು ಬಂದರೆ ‘ಆಫರ್‌ನಲ್ಲಿ ಸಿಕ್ಕಳು’ ಅಂತ ಕುಟುಕುತ್ತಾರೆ. ಇಂಥವರಿಗೆ ಏನು ಉತ್ತರ ಕೊಡಬೇಕು? ಕೊಡಲೇಬೇಕಾ?

ಉತ್ತರ: ಕೊಡಲೇಬೇಕು ಅಂತೇನಿಲ್ಲ. ನಿಮ್ಮ ಪತ್ರದ ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು, ಅದಕ್ಕೆ ಮೊದಲು ಅದನ್ನೇ ಹೇಳಿದೆ. ಯಾರಾದರೂ ಏನಾದರೂ ಕೇಳಿದರೆ ಸುಮ್ನೆ ಇರುವುದು ಮರ್ಯಾದೆಯಲ್ಲ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ರೈಲಿನಲ್ಲಿ ಎದುರು ಕೂತವರಿಗೆ ನಿಮ್ಮ ಮಗಳ ಹುಟ್ಟಿನ ಕಥೆ ಕೇಳುವ ಹಕ್ಕಿಲ್ಲ, ನಿಮಗೆ ಹೇಳುವ ಬಾಧ್ಯತೆಯೂ ಇಲ್ಲ. ಅವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹೋಗುತ್ತಾರೆ. ಮಗಳು ನಿಮ್ಮ ಜೊತೆ ಮನೆಗೆ ಬರುತ್ತಾಳೆ. ನೀವು ಬಾಯಿ ತೆರೆದಾಗ ಅವರ ಕಡೆ ನೋಡಿ ಮಾತಾಡುತ್ತಿರಬಹುದು, ಆದರೆ ಆ ಉತ್ತರ ಸೇರುವುದು ಅವಳಿಗೆ.

ಹಾಗಾಗಿ ಎದುರಿನವರಿಗೆ ಸಮಾಧಾನ ಆಯಿತಾ, ಅವರು ನಮ್ಮನ್ನು ಒರಟರು ಅಂದುಕೊಂಡರಾ ಅಂತ ಲೆಕ್ಕ ಹಾಕಬೇಡಿ. ಈ ಮಾತು ಕೇಳಿದ ಮಗಳಿಗೆ ತನ್ನ ಬಗ್ಗೆ ಏನನ್ನಿಸಿತು ಅಂತ ಮಾತ್ರ ನೋಡಿ.

ಆ ರಾತ್ರಿಯ ಪ್ರಶ್ನೆಗೆ ಬರೋಣ. ನೀವು ಹೇಳಿದ್ದು ದೊಡ್ಡ ಅಪರಾಧವೇನಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಅವಳಿಗೆ ಅದು ಹೇಗೆ ಕೇಳಿಸಿರಬಹುದು ನೋಡಿ. ಮನೆಯಲ್ಲಿ ದತ್ತಿನ ವಿಷಯ ಖುಷಿಯಿಂದ ಮಾತಾಡುವ ಅಮ್ಮ, ಹೊರಗಿನವರ ಮುಂದೆ ಅದನ್ನು ಮುಚ್ಚಿದಳು. ಅಂದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೋ ಇರಬೇಕು. ಏಳು ವರ್ಷದ ಮಗು ಇಷ್ಟು ಲೆಕ್ಕ ಹಾಕುತ್ತಾ ಅಂತ ಅನ್ನಿಸಬಹುದು. ಹಾಕುತ್ತೆ. ದತ್ತು ಮಕ್ಕಳ ಬಗ್ಗೆ ಬಹಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಬ್ರಾಡ್‌ಜಿನ್‌ಸ್ಕಿ ತೋರಿಸಿಕೊಟ್ಟ ಒಂದು ವಿಷಯ ಇಲ್ಲಿ ನೆನಪಿಡಬೇಕು. ನಾಲ್ಕೈದು ವರ್ಷದ ಮಗು ‘ನನ್ನನ್ನ ವಿಮಾನದಲ್ಲಿ ಕರ್ಕೊಂಡು ಬಂದ್ರು’ ಅಂತ ಕುಣಿದುಕೊಂಡು ಹೇಳುತ್ತೆ, ಅದರ ಅರ್ಥ ಪೂರ್ತಿ ತಿಳಿದಿರುವುದಿಲ್ಲ. ಆರರಿಂದ ಎಂಟು ವರ್ಷದ ಹೊತ್ತಿಗೆ ಕಥೆಯ ಇನ್ನೊಂದು ಬದಿ ಹೊಳೆಯುತ್ತೆ. ಇವರು ನನ್ನನ್ನು ತಂದರು ಅಂದರೆ ಅದಕ್ಕೆ ಮೊದಲು ಇನ್ಯಾರೋ ನನ್ನನ್ನು ಬಿಟ್ಟಿದ್ದಾರೆ. ನಿಮ್ಮ ಮಗಳು ಸರಿಯಾಗಿ ಆ ವಯಸ್ಸಿನಲ್ಲಿದ್ದಾಳೆ. ಹೋದ ವರ್ಷ ಕಿವಿಗೆ ಹಾಕಿಕೊಳ್ಳದ ಮಾತು ಈ ವರ್ಷ ನೇರವಾಗಿ ಒಳಗೆ ಇಳಿಯುತ್ತಿದೆ.

ಅವಳ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ ಅಂದರೆ ಇವತ್ತೇ ಕೊಡಿ. ಉದ್ದ ಬೇಡ. ‘ಅವತ್ತು ರೈಲಿನಲ್ಲಿ ನಾನು ಹೇಳಿದ್ದು ನಿಜ ಅಲ್ಲ. ಅವರಿಗೆ ನಿನ್ನ ವಿಷಯ ಹೇಳೋಕೆ ನನಗೆ ಇಷ್ಟ ಇರಲಿಲ್ಲ, ಗಾಬರಿಯಲ್ಲಿ ಏನೋ ಹೇಳಿಬಿಟ್ಟೆ. ನೀನು ದತ್ತು ಬಂದಿರೋದು ಮುಚ್ಚಿಡೋ ವಿಷಯ ಅಲ್ಲ. ಆದ್ರೆ ಸಿಕ್ಕಸಿಕ್ಕವರಿಗೆಲ್ಲ ಹೇಳ್ಕೊಂಡು ಬರೋ ವಿಷಯಾನೂ ಅಲ್ಲ. ಯಾರಿಗೆ ಹೇಳ್ಬೇಕು ಅನ್ನೋದನ್ನ ನಾವಿಬ್ರೂ ಸೇರಿ ತೀರ್ಮಾನ ಮಾಡೋಣ.’ ಅಷ್ಟು ಸಾಕು. ಕೊನೆಯ ವಾಕ್ಯ ಮಾತ್ರ ಬಿಡಬೇಡಿ. ಕಥೆ ಅವಳದು, ನೀವು ಸದ್ಯಕ್ಕೆ ಅದನ್ನು ಜೋಪಾನ ಮಾಡುತ್ತಿರುವವರು ಅಂತ ಅವಳಿಗೆ ಗೊತ್ತಾಗಬೇಕು.

ಇನ್ನು ನಿಮ್ಮವರ ಕುಟುಕು. ಪಾಪ, ಅವರ ಸಿಟ್ಟು ನನಗೆ ಅರ್ಥವಾಗುತ್ತೆ. ದೊಡ್ಡವರ ಮಟ್ಟದಲ್ಲಿ ಆ ಮಾತು ಚೆನ್ನಾಗಿಯೇ ತಾಗುತ್ತೆ, ಕೇಳಿದವರ ಮುಖ ಪೆಚ್ಚಾಗುತ್ತೆ. ಆದರೆ ವ್ಯಂಗ್ಯ ಹಿಡಿಯುವುದು ಮಕ್ಕಳಿಗೆ ನಿಧಾನಕ್ಕೆ ಬರುವ ವಿದ್ಯೆ. ಅಪ್ಪ ಯಾರನ್ನು ಚುಚ್ಚಿದರು ಅಂತ ಮಗಳಿಗೆ ತಿಳಿಯದೆ ಹೋಗಬಹುದು, ಆಫರ್‌ನಲ್ಲಿ ಸಿಕ್ಕಳು ಅನ್ನುವುದು ಮಾತ್ರ ಉಳಿಯುತ್ತೆ. ತಮಾಷೆ ಬೇಕೇ ಬೇಕು ಅಂದರೆ ಅವಳೂ ಸೇರಿ ನಗುವಂಥದ್ದು ಇರಲಿ, ಮತ್ತು ಅದು ಅವಳ ಬಗ್ಗೆ ಇರದಿರಲಿ.

ಈಗ ಆ ಖರ್ಚಿನ ಪ್ರಶ್ನೆಗೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ‘ಎಷ್ಟು ಕೊಟ್ಟು ತಂದ್ರಿ?’ ಅಂತ ಕೇಳಿದಾಗ ಅಪ್ಪ-ಅಮ್ಮಂದಿರ ಬಾಯಿಂದ ಬೇಗ ಬರುವ ಉತ್ತರ ‘ಮಕ್ಕಳನ್ನು ಯಾರೂ ದುಡ್ಡು ಕೊಟ್ಟು ತರೋದಿಲ್ಲ’ ಅನ್ನುವುದು. ಇದನ್ನು ಹೇಳಬೇಡಿ ಅಂತ ನನ್ನ ಸಲಹೆ. ನಿಮ್ಮ ವಿಷಯದಲ್ಲಿ ಅದು ನಿಜವೇ ಇರಬಹುದು. ಆದರೆ ಅಂತರದೇಶೀಯ ದತ್ತಿನ ಚರಿತ್ರೆಯಲ್ಲಿ ಅದು ಯಾವಾಗಲೂ ನಿಜವಾಗಿರಲಿಲ್ಲ. ಗ್ವಾಟೆಮಾಲಾದಲ್ಲಿ 2007ರವರೆಗೆ ದತ್ತು ಕೊಡಿಸುವ ಕೆಲಸ ಬಹುಪಾಲು ಖಾಸಗಿ ವಕೀಲರ ಕೈಯಲ್ಲಿತ್ತು. ಆ ಒಂದು ವರ್ಷದಲ್ಲೇ ಅಲ್ಲಿಂದ ಅಮೆರಿಕಕ್ಕೆ 4,700ರಷ್ಟು ಮಕ್ಕಳು ಹೋದರು. ದುಡ್ಡಿನ ಆಸೆಗೆ ಮಕ್ಕಳನ್ನು ಕದ್ದ, ತಾಯಂದಿರನ್ನು ಒತ್ತಾಯಿಸಿದ ಪ್ರಕರಣಗಳು ಹೊರಬಂದ ಮೇಲೆ ಆ ಬಾಗಿಲು ಮುಚ್ಚಿತು. ದಕ್ಷಿಣ ಕೊರಿಯಾದಿಂದ 1950ರ ದಶಕದಿಂದ ಈಚೆಗೆ ಸುಮಾರು 2 ಲಕ್ಷ ಮಕ್ಕಳು ಹೊರದೇಶಗಳಿಗೆ ಹೋಗಿದ್ದಾರೆ. ಅಲ್ಲಿನ ಸತ್ಯಶೋಧನಾ ಆಯೋಗ 2025ರ ಮಾರ್ಚ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ, ಅಪ್ಪ-ಅಮ್ಮ ಇದ್ದ ಮಕ್ಕಳನ್ನೂ ದಾಖಲೆಯಲ್ಲಿ ಅನಾಥರು ಅಂತ ತೋರಿಸಿ ಕಳಿಸಿದ್ದು ನಿಜ, ಸರ್ಕಾರ ಅದನ್ನು ತಡೆಯಲಿಲ್ಲ ಅಂತ ಹೇಳಿದೆ. ನೆದರ್ಲೆಂಡ್ಸ್‌ನಲ್ಲಿ ಇಂಥದ್ದೇ ತನಿಖಾ ವರದಿ 2021ರಲ್ಲಿ ಬಂದಾಗ ಸರ್ಕಾರ ಹೊರದೇಶದ ದತ್ತನ್ನೇ ತಡೆಹಿಡಿಯಿತು. ಇಥಿಯೋಪಿಯಾ 2018ರಲ್ಲಿ, ಚೀನಾ 2024ರಲ್ಲಿ ಹೊರಗಿನವರಿಗೆ ಮಕ್ಕಳನ್ನು ಕೊಡುವುದನ್ನು ನಿಲ್ಲಿಸಿದವು. ಹತ್ತಿರದ ರಕ್ತಸಂಬಂಧಿಗಳ ಮಕ್ಕಳನ್ನು, ಮಲಮಕ್ಕಳನ್ನು ದತ್ತು ತೆಗೆದುಕೊಳ್ಳಲು ಮಾತ್ರ ಚೀನಾ ಅವಕಾಶ ಉಳಿಸಿಕೊಂಡಿದೆ. 2004ರಲ್ಲಿ ಎಲ್ಲ ದೇಶಗಳಿಂದ ಸೇರಿ ಅಮೆರಿಕಕ್ಕೆ ದತ್ತು ಬಂದ ಮಕ್ಕಳು ಹತ್ತಿರ ಹತ್ತಿರ 23,000. 2023ರಲ್ಲಿ 1,300ಕ್ಕೂ ಕಡಿಮೆ.

ಇದನ್ನೆಲ್ಲ ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ‘ಎಷ್ಟು ಕೊಟ್ರಿ’ ಅಂತ ಕೇಳುವವರಲ್ಲಿ ಕೆಲವರು ಈ ಸುದ್ದಿಯ ಯಾವುದೋ ತುಣುಕನ್ನು ಎಲ್ಲೋ ಓದಿರುತ್ತಾರೆ, ಅದನ್ನು ನಿಮ್ಮ ಮೇಲೆ ಎರಚುತ್ತಾರೆ. ಅವರು ಹಾಗಿರಲಿ. ಇನ್ನು ಐದಾರು ವರ್ಷಕ್ಕೆ ಮಗಳ ಕೈಗೇ ಫೋನ್ ಬರುತ್ತೆ. ತಾನು ಹುಟ್ಟಿದ ದೇಶದ ಹೆಸರಿನ ಪಕ್ಕ ದತ್ತು ಅಂತ ಟೈಪ್ ಮಾಡುತ್ತಾಳೆ. ಆಗ ‘ಯಾರೂ ಯಾವತ್ತೂ ದುಡ್ಡು ಕೊಟ್ಟಿಲ್ಲ’ ಅಂತ ನೀವು ಊರೆಲ್ಲ ಹೇಳಿದ್ದು ಅವಳ ನೆನಪಿಗೆ ಬರಬಾರದು. ದಾರಿಯಲ್ಲಿ ಸಿಕ್ಕವರಿಗೆ ‘ಅದು ನಮ್ಮ ಮನೆ ವಿಷಯ’ ಅಂದು ಸುಮ್ಮನಾಗಿ. ಮಗಳಿಗೆ ಮಾತ್ರ ಮನೆಯಲ್ಲಿ ನಿಜ ಹೇಳಿ. ಖರ್ಚು ಆಯಿತು, ಅದು ಕೋರ್ಟಿಗೆ, ಕಾಗದಪತ್ರಕ್ಕೆ, ಅನುವಾದಕ್ಕೆ, ಓಡಾಟಕ್ಕೆ, ಕೆಲಸ ಮಾಡಿದ ಸಂಸ್ಥೆಯವರಿಗೆ ಹೋಯಿತು. ನಿನಗೆ ಅಂತ ಒಂದು ಬೆಲೆ ಇರಲಿಲ್ಲ. ಹೀಗೆ ಬಿಡಿಸಿ ಹೇಳಿದರೆ ಏಳು ವರ್ಷಕ್ಕೂ ಅರ್ಥವಾಗುತ್ತೆ.

ಅಂತರದೇಶೀಯ ದತ್ತಿಗೆ ನಿಯಮ ಹಾಕಿದ 1993ರ ಹೇಗ್ ಒಪ್ಪಂದದ ಬಗ್ಗೆ ನೀವು ದತ್ತು ಪ್ರಕ್ರಿಯೆಯಲ್ಲಿ ಕೇಳಿಯೇ ಇರುತ್ತೀರಿ. ಅದರ 32ನೇ ವಿಧಿ ಇದನ್ನೇ ಹೇಳುತ್ತದೆ. ಆದ ಖರ್ಚು ಮತ್ತು ನ್ಯಾಯವಾದ ಶುಲ್ಕ ತೆಗೆದುಕೊಳ್ಳಬಹುದು, ದತ್ತಿನಿಂದ ಯಾರೂ ಅನುಚಿತ ಲಾಭ ಮಾಡಿಕೊಳ್ಳಬಾರದು. ಹೆತ್ತ ತಾಯಿಯ ಒಪ್ಪಿಗೆಯನ್ನು ಹೆರಿಗೆ ಆದ ಮೇಲೆಯೇ ಪಡೆಯಬೇಕು, ಹಣ ಕೊಟ್ಟು ಒಪ್ಪಿಸಬಾರದು ಅಂತಲೂ ಆ ಒಪ್ಪಂದದಲ್ಲಿದೆ. ಮಗುವಿನ ಮೂಲದ ಮಾಹಿತಿಯನ್ನು ಸರ್ಕಾರಗಳು ಜೋಪಾನವಾಗಿ ಇಡಬೇಕು ಅನ್ನುವುದು 30ನೇ ವಿಧಿ. ನಿಮ್ಮ ಬಳಿ ಇರುವ ಫೈಲನ್ನು ಒಂದು ಸಲ ಕೂತು ಪೂರ್ತಿ ಓದಿ. ಯಾವ ಕಾಗದ ಇದೆ, ಯಾವುದು ಇಲ್ಲ, ಯಾವ ದಿನಾಂಕ ಒಂದಕ್ಕೊಂದು ಹೊಂದುತ್ತಿಲ್ಲ ಅಂತ ಗುರುತು ಹಾಕಿಕೊಳ್ಳಿ. ಅಪರಿಚಿತರ ಪ್ರಶ್ನೆಗೆ ಅಷ್ಟೊಂದು ಕುದಿಯುವ ಎಷ್ಟೋ ಅಪ್ಪ-ಅಮ್ಮಂದಿರು ಆ ಫೈಲನ್ನು ಬೀರುವಿನಿಂದ ತೆಗೆದೇ ಇರುವುದಿಲ್ಲ. ನಿಜ ಏನು ಅಂತ ನಿಮಗೇ ಗಟ್ಟಿಯಾಗಿ ಗೊತ್ತಿದ್ದರೆ ಹೊರಗಿನವರ ಮಾತಿಗೆ ಆ ಪಾಟಿ ಸಿಟ್ಟು ಬರುವುದಿಲ್ಲ.

‘ಪುಣ್ಯದ ಕೆಲಸ’ ಅನ್ನುವವರು ಕೆಟ್ಟವರಲ್ಲ. ನನ್ನ ಪ್ರಕಾರ ಮಗುವಿಗೆ ಜಾಸ್ತಿ ಭಾರ ಆಗುವುದು ಈ ಒಳ್ಳೆಯವರ ಮಾತೇ. ಬೈದರೆ ಅದು ಬೈಗುಳ ಅಂತ ಮಗುವಿಗೂ ಗೊತ್ತಾಗುತ್ತೆ, ನೀವೂ ಅವಳ ಪರ ನಿಲ್ಲುತ್ತೀರಿ. ಹೊಗಳಿದರೆ ಏನು ಮಾಡುವುದು? ನೀವು ನಗುತ್ತೀರಿ, ಥ್ಯಾಂಕ್ಸ್ ಹೇಳುತ್ತೀರಿ. ಪಕ್ಕದಲ್ಲಿ ನಿಂತವಳು ತಾನೊಂದು ದಾನ ಪಡೆದ ವಸ್ತು ಅಂತ ಕೇಳಿಸಿಕೊಳ್ಳುತ್ತಾಳೆ. ‘ನೀನು ಎಷ್ಟು ಅದೃಷ್ಟವಂತೆ ಪುಟ್ಟಿ’ ಅಂತ ಗಲ್ಲ ಹಿಂಡಿ ಹೋಗುವವರೂ ಇದ್ದಾರಲ್ವಾ. ಹೆತ್ತವರು, ಮೊದಲ ಹೆಸರು, ಮೊದಲು ಕಿವಿಗೆ ಬಿದ್ದ ಭಾಷೆ ಎಲ್ಲ ಎರಡು ವರ್ಷದೊಳಗೆ ಕೈಬಿಟ್ಟುಹೋದ ಮಗು ಅದು. ಅದಕ್ಕೆ ಅದೃಷ್ಟ ಅಂತ ಹೆಸರಿಟ್ಟರೆ, ಆಮೇಲೆ ಅಳು ಬಂದಾಗ ಅಳುವುದು ಹೇಗೆ? ದೊಡ್ಡವರಾದ ದತ್ತು ಮಕ್ಕಳು ಮತ್ತೆ ಮತ್ತೆ ಹೇಳುವ ಮಾತಿದು: ಪ್ರೀತಿ ಬೇಕಾದಷ್ಟಿತ್ತು, ಆದರೆ ಋಣ ಮಾತ್ರ ತೀರಲೇ ಇಲ್ಲ.

ಇದಕ್ಕೆ ಎಲ್ಲರೂ ಹೇಳಿಕೊಡುವ ಉತ್ತರ ‘ಇಲ್ಲ ಇಲ್ಲ, ಅದೃಷ್ಟವಂತರು ನಾವು’ ಅನ್ನುವುದು. ತಪ್ಪೇನಿಲ್ಲ, ಬಾಯಿಗೆ ಅದೇ ಬಂದರೆ ಹೇಳಿ. ನನಗೆ ಮಾತ್ರ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಒಂದು ತಾಯಿ ಮಗಳನ್ನು ಕಳೆದುಕೊಂಡಿದ್ದು ನಮ್ಮ ಅದೃಷ್ಟ ಆಯಿತು ಅನ್ನುವ ಧಾಟಿ ಅದರಲ್ಲಿದೆ, ಮಗಳು ಹದಿನೈದಕ್ಕೆ ಬಂದಾಗ ಅದನ್ನು ಎತ್ತಿ ತೋರಿಸಬಹುದು. ‘ಪುಣ್ಯ ಗಿಣ್ಯ ಏನಿಲ್ಲ, ನಮಗೆ ಮಗು ಬೇಕಿತ್ತು. ಇವಳು ನಮ್ಮ ಮಗಳು’ ಅಂದರೆ ನೇರವಾಗಿರುತ್ತೆ. ಅವಳಿಗೂ ಅದೇ ಕೇಳಬೇಕಾಗಿರುವುದು. ಹೊಗಳಿದವರಿಗೆ ಸ್ವಲ್ಪ ಕಸಿವಿಸಿ ಆದರೆ ಆಗಲಿ.

‘ನಿಜವಾದ ಅಮ್ಮ ಎಲ್ಲಿ’ ಅನ್ನುವುದಕ್ಕೆ ಹೆಚ್ಚಿನವರು ‘ನಾನೇ ನಿಜವಾದ ಅಮ್ಮ’ ಅಂತ ಗುಡುಗುತ್ತಾರೆ. ಗುಡುಗುವುದು ಬೇಡ. ಆ ಇನ್ನೊಬ್ಬ ತಾಯಿ ಸುಳ್ಳಲ್ಲ, ಮತ್ತು ನಿಮ್ಮ ಮಗಳು ಅವರ ಬಗ್ಗೆ ಯೋಚಿಸುತ್ತಿರುತ್ತಾಳೆ. ‘ಅವಳ ಅಮ್ಮ ನಾನು. ಹೆತ್ತಮ್ಮನ ವಿಷಯ ಅವಳದು, ನಾವು ಹೊರಗೆ ಮಾತಾಡಲ್ಲ’ ಅಂದರೆ ಇಬ್ಬರಿಗೂ ಜಾಗ ಸಿಗುತ್ತೆ. ‘ಪಾಪ, ಅನಾಥ ಮಗುನಾ?’ ಅಂದರೂ ಹೂಂಗುಟ್ಟಬೇಡಿ. ಹೊರದೇಶಕ್ಕೆ ದತ್ತು ಹೋದ ಎಷ್ಟೋ ಮಕ್ಕಳ ತಾಯಿಯೋ ತಂದೆಯೋ ಬದುಕಿದ್ದಾರೆ. ಯುನಿಸೆಫ್‌ನ ಲೆಕ್ಕದಲ್ಲೂ ಒಬ್ಬರನ್ನು ಕಳೆದುಕೊಂಡ ಮಗು ಅನಾಥ ಮಕ್ಕಳ ಪಟ್ಟಿಗೇ ಬರುತ್ತೆ, ಇಬ್ಬರೂ ಇಲ್ಲದಿರಬೇಕು ಅಂತಿಲ್ಲ. ಗೊತ್ತಿಲ್ಲದವರ ಎದುರು ನೀವು ತಲೆಯಾಡಿಸಿದರೆ, ಮಗಳ ಮಟ್ಟಿಗೆ ಹೆತ್ತಮ್ಮ ಸತ್ತರು ಅಂತಲೇ ಆಯಿತು.

ಕೇಳುವವರೆಲ್ಲ ಒಂದೇ ಥರ ಇರುವುದಿಲ್ಲ. ಇದನ್ನು ಪತ್ತೆ ಹಚ್ಚಲು ಒಂದು ಸುಲಭ ದಾರಿ ‘ಯಾಕೆ ಕೇಳ್ತಾ ಇದ್ದೀರಿ?’ ಅಂತ ಮೆತ್ತಗೆ ತಿರುಗಿ ಕೇಳುವುದು. ದನಿ ಮಾತ್ರ ಏರಬಾರದು. ಸುಮ್ನೆ ಕುತೂಹಲಕ್ಕೆ ಕೇಳಿದವರು ತಡವರಿಸಿ ಬೇರೆ ಮಾತಿಗೆ ಹೋಗುತ್ತಾರೆ. ಕೆಲವರು ಮಾತ್ರ ‘ನಾವೂ ದತ್ತು ತಗೋಬೇಕು ಅಂತಿದ್ದೀವಿ’ ಅನ್ನುತ್ತಾರೆ. ಅವರ ಮೇಲೆ ಕೋಪ ಬೇಡ, ಒಂದು ಕಾಲದಲ್ಲಿ ನೀವೂ ಅಲ್ಲೇ ಇದ್ದಿರಿ. ಫೋನ್ ನಂಬರ್ ಕೊಡಿ, ಮಗಳು ಇಲ್ಲದಾಗ ಮಾತಾಡಿ. ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅರ್ಧ ಗಂಟೆ ಪ್ರಕ್ರಿಯೆ ವಿವರಿಸುವುದು ಬೇಡ.

ಅಮೆರಿಕದ ಸಿ.ಎ.ಎಸ್.ಇ. ಅನ್ನುವ ದತ್ತು ಬೆಂಬಲ ಸಂಸ್ಥೆಯವರು ಮಕ್ಕಳಿಗಾಗಿಯೇ ‘ವೈಸ್ ಅಪ್’ ಅಂತ ಒಂದು ಅಭ್ಯಾಸ ಮಾಡಿದ್ದಾರೆ. ಅದರ ಸಾರ ಇಷ್ಟೇ. ಯಾರಾದರೂ ಕೇಳಿದರೆ ನಿನ್ನ ಮುಂದೆ ನಾಲ್ಕು ದಾರಿ ಇವೆ. ಅಲ್ಲಿಂದ ಹೋಗಿಬಿಡು. ಇಲ್ಲವೇ ಇದು ನನ್ನ ಸ್ವಂತ ವಿಷಯ ಅನ್ನು. ಇಲ್ಲವೇ ಬೇಕಾದಷ್ಟು ಮಾತ್ರ ಹೇಳು. ಅಥವಾ ಗೊತ್ತಿಲ್ಲದವರಿಗೆ ತಿಳಿಸಿಕೊಡು. ನಾಲ್ಕೂ ಸರಿಯೇ, ಯಾವುದು ಅಂತ ಮಗುವೇ ಆರಿಸುತ್ತೆ. ಇದನ್ನು ಮನೆಯಲ್ಲಿ ಆಟದ ಹಾಗೆ ಆಡಿಸಿ. ನೀವು ಬಸ್ ಸ್ಟಾಪಿನಲ್ಲಿ ಮೂಗು ತೂರಿಸುವ ಅಜ್ಜಿಯಾಗಿ, ಅವಳು ಅವಳೇ ಆಗಿರಲಿ. ಆಮೇಲೆ ಅವಳು ಅಜ್ಜಿ, ನೀವು ಅವಳು. ಈ ಎರಡನೇ ಸುತ್ತಿನಲ್ಲಿ ಕಿವಿ ಚುರುಕಾಗಿರಲಿ. ಅಜ್ಜಿಯ ಬಾಯಲ್ಲಿ ಅವಳು ಯಾವ ಪ್ರಶ್ನೆ ಹಾಕುತ್ತಾಳೋ, ಹೆಚ್ಚಾಗಿ ಶಾಲೆಯಲ್ಲಿ ಅವಳಿಗೆ ಯಾರೋ ನಿಜವಾಗಿ ಕೇಳಿದ್ದು ಅದೇ ಆಗಿರುತ್ತೆ. ‘ನಿಮ್ಮಮ್ಮ ನಿನ್ನನ್ನ ಯಾಕೆ ಬಿಟ್ಟುಹೋದ್ರು?’ ಅಂತ ಅವಳು ಅಜ್ಜಿಯ ದನಿಯಲ್ಲಿ ಕೇಳಿದರೆ ಆಟ ನಿಲ್ಲಿಸಿ ಪಾಠ ಶುರು ಮಾಡಬೇಡಿ. ಅವಳ ಪಾತ್ರದಲ್ಲೇ ಇದ್ದು ಉತ್ತರ ಕೊಡಿ: ‘ಅದು ನಂಗೆ ಪೂರ್ತಿ ಗೊತ್ತಿಲ್ಲ ಅಜ್ಜಿ. ಗೊತ್ತಿರೋದನ್ನ ನಾನು ಮನೇಲಿ ಮಾತಾಡ್ತೀನಿ.’ ಉಳಿದದ್ದು ಮಲಗುವಾಗ ಮಾತಾಡಿದರಾಯಿತು.

ಆ ನಾಲ್ಕನೆಯ ದಾರಿ, ತಿಳಿಸಿಕೊಡುವುದು, ಅಪ್ಪ-ಅಮ್ಮಂದಿರಿಗೆ ಬಲು ಪ್ರೀತಿ. ಸಮಾಜ ಬದಲಾಗಬೇಕಲ್ಲ ಅನ್ನುತ್ತಾರೆ. ಬದಲಾಗಲಿ, ಆದರೆ ಏಳು ವರ್ಷದ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅದನ್ನು ಬದಲಾಯಿಸುವುದು ಬೇಡ. ನಾನಾದರೆ ಅದನ್ನು ಕೊನೆಗೆ ಇಡುತ್ತೇನೆ.

ರೈಲಿನಂಥ ಜಾಗದಲ್ಲಿ ಬೇಗ ಎದ್ದು ಹೋಗಲೂ ಆಗುವುದಿಲ್ಲ. ಅಲ್ಲಿ ಮೈಯ ಭಾಷೆ ಕೆಲಸಕ್ಕೆ ಬರುತ್ತೆ. ‘ಹೌದು, ನನ್ನ ಮಗಳು’ ಅಂದು, ಅವರ ಕಡೆಯಿಂದ ಮುಖ ತಿರುಗಿಸಿ, ಮಗಳ ಜೊತೆ ಬೇರೆ ಯಾವುದಾದರೂ ಮಾತು ಶುರು ಮಾಡಿ. ಅವರು ಮತ್ತೆ ಕೇಳಿದರೆ ಅದೇ ಮಾತು, ಅದೇ ದನಿಯಲ್ಲಿ. ಮೂರನೇ ಸಲ ಕೇಳುವ ಧೈರ್ಯ ಬಹಳ ಜನಕ್ಕೆ ಇರುವುದಿಲ್ಲ. ಮಗಳ ಕೂದಲು ಮುಟ್ಟಲು ಬಂದರೆ ಮಾತ್ರ ಮರ್ಯಾದೆ ಲೆಕ್ಕ ಬಿಟ್ಟು ಕೈ ಅಡ್ಡ ಹಿಡಿಯಿರಿ. ‘ಮುಟ್ಟಬೇಡಿ’ ಅನ್ನುವುದನ್ನು ಅವಳು ನಿಮ್ಮಿಂದಲೇ ಕಲಿಯಬೇಕು. ಎಲ್ಲ ಮುಗಿದು ನೀವಿಬ್ಬರೇ ಆದಾಗ ಒಂದು ಪ್ರಶ್ನೆ ಕೇಳಿ: ‘ಅವರು ಹಾಗೆ ಕೇಳಿದಾಗ ನಿನಗೇನನ್ನಿಸ್ತು?’ ‘ಏನಿಲ್ಲ’ ಅಂದರೆ ಅಲ್ಲಿಗೇ ಬಿಡಿ. ಕೆದಕಿದರೆ ಅವಳು ನಿಮ್ಮನ್ನು ಸಮಾಧಾನ ಮಾಡಲು ಶುರು ಮಾಡುತ್ತಾಳೆ, ದತ್ತು ಮಕ್ಕಳಲ್ಲಿ ಇದು ನಾನು ತುಂಬಾ ಕಂಡದ್ದು.

ಕೇಳುವ ಹಕ್ಕಿರುವವರೂ ಇದ್ದಾರೆ, ಅವರನ್ನು ಈ ಗುಂಪಿಗೆ ಸೇರಿಸಬೇಡಿ. ಗಡಿ ದಾಟುವಾಗ ಪಾಸ್‌ಪೋರ್ಟ್ ಅಧಿಕಾರಿ ‘ಇವರು ನಿನಗೆ ಏನಾಗಬೇಕು?’ ಅಂತ ಮಗುವನ್ನೇ ಕೇಳಬಹುದು. ಮಕ್ಕಳ ಕಳ್ಳಸಾಗಣೆ ತಡೆಯುವುದು ಅವರ ಕೆಲಸ. ಮೊದಲೇ ಮಗಳಿಗೆ ಹೇಳಿಟ್ಟಿರಿ, ದತ್ತು ಆದೇಶದ ಪ್ರತಿ ಕೈಚೀಲದಲ್ಲಿರಲಿ. ಡಾಕ್ಟರು ಮನೆತನದ ಕಾಯಿಲೆಗಳ ಬಗ್ಗೆ ಕೇಳಿದಾಗ ನಿಮ್ಮ ಕಡೆಯ ಸಕ್ಕರೆ ಕಾಯಿಲೆ, ಬಿಪಿ ಹೇಳಿಬಿಡಬೇಡಿ. ‘ದತ್ತು ಮಗು, ಫೈಲಿನಲ್ಲಿ ಇರೋದು ಇಷ್ಟು’ ಅನ್ನಿ. ಅವಳ ಎದುರು ಹೇಳಲು ಇಷ್ಟವಿಲ್ಲದ ವಿವರ ಇದ್ದರೆ ಮೊದಲೇ ಬರೆದು ಕೊಡಿ.

ಇನ್ನು ಮೂರ್ನಾಲ್ಕು ವರ್ಷಕ್ಕೆ ಅವಳೇ ‘ನೀನು ಸುಮ್ನಿರು, ನಾನು ಹೇಳ್ತೀನಿ’ ಅನ್ನಬಹುದು. ಅಥವಾ ಹೊರಗೆ ನಿಮ್ಮ ಜೊತೆ ನಡೆಯಲೇ ಹಿಂಜರಿಯಬಹುದು, ಪ್ರಶ್ನೆಯೇ ಬಾರದಿರಲಿ ಅಂತ. ಎರಡೂ ಆ ವಯಸ್ಸಿಗೆ ಸಹಜ. ಮನಸ್ಸಿಗೆ ಹಚ್ಚಿಕೊಂಡು ಜಗಳ ಮಾಡಬೇಡಿ. ಆದರೆ ಈಗಲೇ ಅವಳು ಹೊರಗೆ ಬರಲು ಅಳುತ್ತಿದ್ದರೆ, ಮೈಬಣ್ಣ ಉಜ್ಜಿ ತೊಳೆಯಲು ನೋಡುತ್ತಿದ್ದರೆ, ನಿದ್ದೆ ಕೆಟ್ಟಿದ್ದರೆ ಕಾಯಬೇಡಿ, ಮಕ್ಕಳ ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಿ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ, ದತ್ತು ಮಕ್ಕಳ ಜೊತೆ ಮೊದಲು ಕೆಲಸ ಮಾಡಿದ್ದೀರಾ ಅಂತ ಕೇಳಿ. ‘ಎಲ್ಲ ಮಕ್ಕಳೂ ಒಂದೇ ಅಲ್ವಾ’ ಅನ್ನುವ ಉತ್ತರ ಬಂದರೆ ಬೇರೆಯವರನ್ನು ಹುಡುಕಿ.